ಸೋದರಮಾವನ ಊರಿನ ಗಿರಾಕಿಗಳು

ಹೈದರಾಬಾದಿನ ಬೇಗಂ ಬಜಾರಿನಲ್ಲಿ ನಮ್ಮದು ಸ್ಟೀಲ್ ಪಾತ್ರೆಯ ಸಗಟು ಅಂಗಡಿ. ಬೀದರ್ ಕಡೆಯ ಒಂದು ಊರಿನಲ್ಲಿ ನನ್ನ ಸೋದರಮಾವನದೂ ಪಾತ್ರೆ ಅಂಗಡಿಯೇ. ಅವರಿಗೆ ಮಾಲು ನಮ್ಮಲ್ಲಿಂದ ಹೋಗುತ್ತಿತ್ತು.

ಆಂಧ್ರದ ರಾಜಧಾನಿಯಾಗಿ ಹೈದರಾಬಾದು ಬೆಳೆದಂತೆ ನಮ್ಮ ಬಜಾರೂ ಉಬ್ಬಿತು. ರಸ್ತೆ ಸುಧಾರಿಸಿ ಬಸ್ಸುಗಳು ಹೆಚ್ಚಾದವು. ಮಾವನ ಊರಿನವರು ಮದುವೆ ಪಾತ್ರೆಗೆ ನೇರವಾಗಿ ಇಲ್ಲಿಗೇ ಬರತೊಡಗಿದರು. ಅಂಗಡಿಗಳ ಪೈಪೋಟಿಯಲ್ಲಿ ಇಲ್ಲಿ ರೇಟು ಅಗ್ಗ. ಮೇಲಾಗಿ ಹೈದರಾಬಾದಿನ ಮಾಲು ಎಂದು ಬೀಗರೆದುರು ಜಂಬ ಕೊಚ್ಚಿಕೊಳ್ಳಬಹುದು. ಮೊದಮೊದಲು ಅಪ್ಪ, “ನಿಮ್ಮೂರಾಗs ನಮ್ಮ ಮನಿಯಾಕಿ ತಮ್ಮಂದು ಅಂಗಡಿ ಐತಲ್ರಿ, ಅಲ್ಲೇ ತಗೋರಿ” ಎನ್ನುತ್ತಿದ್ದರು. ಅವರು ನಕ್ಕು ಪಕ್ಕದ ಅಂಗಡಿ ಹತ್ತುತ್ತಿದ್ದರು. ಪಕ್ಕದವನು ಚಹಾ ತರಿಸಿ ಕೂರಿಸುತ್ತಿದ್ದ. ಕೊನೆಗೆ ಅಪ್ಪನೂ ಚಹಾ ತರಿಸಿದರು.

ಮಾವನಿಗೆ ಉಳಿದದ್ದು ಹೆಸರು ಹಾಕುವ ಕೆಲಸವೊಂದೇ. ನಮ್ಮಲ್ಲಿ ಕೊಂಡ ಕೊಡ, ತಟ್ಟೆಗಳನ್ನು ಜನ ಅವರ ಮುಂದೆ ಸಾಲಾಗಿ ತಂದಿಡುವರು. ಮಾವ ಕೆತ್ತುವ ಮಷೀನು ಹಿಡಿದು ವಧೂವರರ ಹೆಸರು ಬರೆದುಕೊಡುವರು. ಅದೊಂದಾದರೂ ಅವರಿಗಿರಲಿ ಎಂದು ಅಪ್ಪ ನಮ್ಮ ಅಂಗಡಿಗೆ ಮಷೀನು ತಂದಿರಲಿಲ್ಲ. ಆದರೆ ನಮ್ಮ ಬೀದಿಯ ಅಂಗಡಿಯವರೆಲ್ಲ ಮಷೀನು ತಂದು ಪುಕ್ಕಟೆ ಹೆಸರು ಹಾಕಿಕೊಡತೊಡಗಿದರು. ಮದುವೆ ಸೀಜನ್ನಿನಲ್ಲಿ ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಯಾರೂ ನಿಲ್ಲದಂತಾಯಿತು. ಅಪ್ಪ ಮಷೀನು ತಂದರು.

ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ನನಗೂ ಮೈ ಉರಿಯಿತು, ಆದರೆ ಯಾರನ್ನು ಬೈಯಲಿ? ಅಗ್ಗಕ್ಕೆ ಸಿಕ್ಕರೆ ಕೊಳ್ಳುವವರನ್ನೇ? ಅಂಗಡಿ ಮುಚ್ಚಬಾರದೆಂದು ಹೆಣಗುತ್ತಿದ್ದ ಅಪ್ಪನನ್ನೇ? ನಾನು ಉಣ್ಣುತ್ತಿದ್ದದ್ದೂ ಅದೇ ಅಂಗಡಿಯ ಅನ್ನ.

ಮರುವರ್ಷ ಒಂದು ಮಧ್ಯಾಹ್ನ ಮಾವ ಬಂದರು. ಮಾಲಿಗೆ ಬಂದಿರಬೇಕು ಎಂದು ನನಗೆ ಖುಷಿಯಾಯಿತು. ಅವರು ಚಪ್ಪಲಿ ಬಿಟ್ಟು, ನೆಟ್ಟಗೆ ಹೋಗಿ ಮಷೀನಿನ ಮುಂದೆ ಕೂತರು.

“ಅಂಗಡಿ ಮುಚ್ಚಿ ಬಂದೀನ್ರಿ ಭಾವಾರ. ಇಲ್ಲಿ ಹೆಸರು ಹಾಕಾಕ ಮಂದಿ ಬೇಕಲ್ರಿ?”

ಅಷ್ಟರಲ್ಲಿ ಮಾವನ ಊರಿನದೇ ಒಂದು ಸಂಸಾರ, ಆಗತಾನೇ ಆರಿಸಿದ ಕೊಡ ಹಿಡಿದು ಹೆಸರು ಹಾಕಿಸಲು ಬಂತು. ಮಾವನನ್ನು ನೋಡಿ ಅವರ ಮುಖ ಸಣ್ಣದಾಯಿತು. ಮನೆಯ ಹೆಂಗಸು ಕೊಡವನ್ನು ಸೆರಗಿನ ಹಿಂದೆ ಸರಿಸಿದಳು.

“ಯಾಕ ನಿಂತ್ರೀ? ಕೊಡ್ರಿಲ್ಲಿ” ಎಂದರು ಮಾವ, ಕೈಚಾಚಿ. “ಹುಡುಗನ ಹೆಸರೇನ್ರಿ?”