ಹೆಸರು ಹೇಳದೆ ಬರುವವರು

ನನ್ನ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಶಾಲೆಯ ಟೇಪ್ ರೆಕಾರ್ಡರಿನಲ್ಲಿ. ಯಾವನೋ ಒಬ್ಬ ಗಟ್ಟಿಯಾಗಿ, ಹಿತವಾಗಿ, ಎಲ್ಲೂ ತಡವರಿಸದೆ ಸ್ವಾತಂತ್ರ್ಯ ದಿನದ ಭಾಷಣ ಮಾಡುತ್ತಿದ್ದ. ಚೆನ್ನಾಗಿ ಮಾತಾಡುತ್ತಾನಲ್ಲ, ಯಾರಿವನು ಎಂದು ಕೇಳಿಬಿಟ್ಟೆ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಚಹಾ ನೆತ್ತಿಗೇರುವಷ್ಟು ನಕ್ಕರು. ನಮ್ಮ ದನಿ ನಮಗೆ ತಲೆಬುರುಡೆಯ ಒಳಗಿನಿಂದ ಕೇಳುತ್ತದೆ, ಬೇರೆಯವರಿಗೆ ಗಾಳಿಯಲ್ಲಿ ಕೇಳುತ್ತದೆ, ಹಾಗಾಗಿ ಎಲ್ಲರಿಗೂ ಹೀಗೇ ಆಗುವುದು ಎಂದು ವಿಜ್ಞಾನದ ಮಾಸ್ತರರು ಸಮಾಧಾನ ಹೇಳಿದರು. ಆವತ್ತು ನಾನೂ ನಕ್ಕು ಸುಮ್ಮನಾದೆ. ಈಗ ನಗು ಬರುವುದಿಲ್ಲ.

ಕಾರವಾರದ ಒಂದು ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಕನ್ನಡ ಕಲಿಸಿ ಮನೆಯಲ್ಲಿ ಕೂತವನು ನಾನು. ಕಲಿಸಿದ್ದು ಎಷ್ಟು ಮಕ್ಕಳ ತಲೆಗೆ ಹೋಯಿತೋ ಗೊತ್ತಿಲ್ಲ, ದನಿ ಮಾತ್ರ ಊರಿಗೆಲ್ಲ ಹೋಯಿತು. ಯಾರದೋ ಮದುವೆಯ ಸ್ವಾಗತ, ಯಾರದೋ ಶ್ರದ್ಧಾಂಜಲಿ, ಗಣಪತಿ ಪೆಂಡಾಲಿನ ಬಹುಮಾನ ವಿತರಣೆ, ಎಲ್ಲದಕ್ಕೂ ಮೈಕು ಹಿಡಿಯಲು ಮಾಸ್ತರರೇ ಬೇಕು. ಸುಖಕ್ಕೂ ದುಃಖಕ್ಕೂ ನಾನು ಒಂದೇ ದನಿ ಬಳಸುತ್ತೇನೆಂದು ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ಬೇಸರವಾದದ್ದು ನನ್ನ ಹೆಂಡತಿಗೆ ಮಾತ್ರ. ಅವಳು ತೋಡೂರಿನ ಕಡೆಯವಳು, ಮನೆಮಾತು ಕೊಂಕಣಿ. ಕನ್ನಡದಲ್ಲಿ ಮಾತಾಡುವಾಗ ನೆಂಟರ ಮನೆಯಲ್ಲಿ ಕೂತವಳ ಹಾಗೆ ತಗ್ಗಿರುತ್ತಾಳೆ. ತಂಗಿಗೆ ಫೋನು ಹಚ್ಚಿ ಕೊಂಕಣಿ ಶುರುಮಾಡಿದಳೆಂದರೆ ಪಕ್ಕದ ಮನೆಯ ಬೆಕ್ಕೂ ಎದ್ದು ಕೂರುತ್ತದೆ. ನೌಕಾನೆಲೆಗೆ ಜಮೀನು ಹೋಗಿ ಅವಳ ಕಡೆಯವರು ನಾಲ್ಕು ದಿಕ್ಕಿಗೆ ಚದುರಿದರು, ಆದರೆ ಆ ದನಿಯನ್ನು ಯಾರೂ ಅವಳಿಂದ ಬಿಡಿಸಿಕೊಳ್ಳಲಿಲ್ಲ. ನಾನು ಅನ್ನ ಬಡಿಸು ಎಂದರೂ ಯಾವುದೋ ಕಾರ್ಯಕ್ರಮ ಶುರುವಾದ ಹಾಗೆ ಕೇಳುತ್ತದಂತೆ ಅವಳಿಗೆ.

ನಮ್ಮ ಶಾಲೆಯಲ್ಲಿ ಕದ್ವಾಡದ ಒಬ್ಬ ಡ್ರಾಯಿಂಗ್ ಮಾಸ್ತರ ಇದ್ದ. ಚಿತ್ರ ಅಷ್ಟಕ್ಕಷ್ಟೇ, ಅನುಕರಣೆ ಮಾತ್ರ ಅದ್ಭುತ. ಮುಖ್ಯಾಧ್ಯಾಪಕರ ಕೆಮ್ಮು, ಜವಾನ ಗಂಟೆ ಹೊಡೆಯುವ ಮೊದಲು ಎಳೆಯುವ ಉಸಿರು, ಮೀನು ಪೇಟೆಯ ಹೆಂಗಸರು ಬಂಗಡೆಯ ಬುಟ್ಟಿ ಇಳಿಸುತ್ತಲೇ ಶುರುಮಾಡುವ ಜಗಳ, ಎಲ್ಲ ಅವನ ಗಂಟಲಲ್ಲಿತ್ತು. ಒಬ್ಬೊಬ್ಬರನ್ನೂ ಮಾಡಿ ತೋರಿಸುವನು, ನನ್ನನ್ನು ಮಾತ್ರ ಬಿಡುವನು. ಗೌರವಕ್ಕೆ ಬಿಡುತ್ತಾನೆಂದು ನಾನು ಬಹಳ ವರ್ಷ ಒಳಗೊಳಗೇ ಉಬ್ಬಿದ್ದೆ. ಅವನು ನಿವೃತ್ತನಾದ ದಿನ ಕೇಳಿಯೇಬಿಟ್ಟೆ. ಅವನು ಪಾಪ, ಸಂಕೋಚದಿಂದಲೇ ಹೇಳಿದ: "ನಿಮ್ಮದು ಎಷ್ಟೋ ಸಲ ಪ್ರಯತ್ನ ಮಾಡ್ದೆ ಮಾಸ್ತರೆ. ಹಿಡ್ಕಳ್ಳೂಕೆ ಎಂತದೂ ಸಿಗೂದಿಲ್ಲ."

ಹಿಡಿದುಕೊಳ್ಳಲು ಏನು ಸಿಗಬೇಕು? ಈ ಪ್ರಶ್ನೆಯ ಬೆನ್ನುಹತ್ತಿ ನಾನು ನಿವೃತ್ತಿಯ ಬಿಡುವನ್ನೆಲ್ಲ ಹಾಳುಮಾಡಿಕೊಂಡಿದ್ದೇನೆ. ಗಂಟಲಿನ ಎಳೆಗಳ ಉದ್ದ, ಮೂಗಿನ ಒಳಗಿನ ಜಾಗ, ಹಲ್ಲಿನ ಸಂದು, ಇವೆಲ್ಲ ಸೇರಿ ದನಿಯಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಹಾಗಿದ್ದರೆ ಹಲ್ಲು ಕಟ್ಟಿಸಿಕೊಂಡವರೆಲ್ಲ ಬೇರೆ ಮನುಷ್ಯರಾಗಬೇಕಿತ್ತು. ನಮ್ಮ ಹಳೆಯ ವ್ಯಾಕರಣದವರು ದನಿ ಹೊಕ್ಕುಳ ಮೂಲದಿಂದ ಎದ್ದು ಬರುತ್ತದೆ ಎಂದು ಬರೆದರು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಅಂಗಿ ಎತ್ತಿ ನೋಡಿಕೊಂಡು ನಗುತ್ತಿದ್ದರು, ನಾನು ಬೆತ್ತ ತಟ್ಟುತ್ತಿದ್ದೆ. ಈಗ ಅನ್ನಿಸುತ್ತದೆ, ಆ ಹಿರಿಯರು ಸುಮ್ಮನೆ ಬರೆದಿರಲಾರರು. ತಾಯಿಯಿಂದ ಕತ್ತರಿಸಿದ ಜಾಗ ಅದು. ದನಿ ಅಲ್ಲಿಂದ ಏಳಬೇಕು. ನನ್ನದು ಅಂಗಿಯ ಮೇಲಿನ ಗುಂಡಿಯಿಂದ ಏಳುತ್ತದೆ.

ಮೊದಲು ಹೀಗಿರಲಿಲ್ಲ. ನಾನು ಅಂಕೋಲೆಯ ಶೆಟಗೇರಿಯವನು. ಅವ್ವಿ ನಾನು ಹಾಲುಗಲ್ಲದವನಿದ್ದಾಗಲೇ ತೀರಿಕೊಂಡಳು. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಅಕ್ಕನನ್ನು ಅದೇ ಊರಲ್ಲಿ ಕೊಟ್ಟಿದ್ದರು. ಅವಳ ಸೆರಗು ಹಿಡಿದುಕೊಂಡು ನಾನೂ ಅವಳ ಗಂಡನ ಮನೆ ಸೇರಿದೆ. ಆ ಮನೆಯ ಬೇಲಿಗೆ ಒಂದು ದಣಪೆ ಇತ್ತು, ಎರಡು ಗೂಟಗಳಿಗೆ ಅಡ್ಡ ಬಿದಿರು ತೂರಿಸಿದ್ದು. ಬಂದವರು ಅದರ ಆಚೆ ನಿಂತು ಒಂದು ಸಲ ಕೂಗಬೇಕು. ಹೆಸರು ಹೇಳಬಾರದು. ಹಾಗೆಂದು ಯಾರೂ ಬರೆದು ಹಚ್ಚಿರಲಿಲ್ಲ, ನಮ್ಮಲ್ಲಿ ಅದು ನಡೆದು ಬಂದದ್ದು ಹಾಗೆ. ನಮ್ಮವರ ಕೂಗು ಕೇಳಿದರೆ ಒಳಗಿದ್ದವರಿಗೆ ಯಾರೆಂದು ಗೊತ್ತಾಗುತ್ತಿತ್ತು, ಬಿದಿರು ಸರಿಯುವುದರೊಳಗೆ ಕಾಲಿಗೆ ನೀರು, ಬಾಯಿಗೆ ಬೆಲ್ಲದ ಚೂರು ಜಗಲಿಯ ಮೇಲಿರುತ್ತಿತ್ತು. ಇಂಥವನು ಬಂದಿದ್ದೇನೆ ಎಂದು ಹೆಸರು ಹೇಳಿಕೊಂಡವನು ಹೊರಗಿನವನು. ಅವನಿಗೆ ಕುರ್ಚಿ ಕೊಡುತ್ತಿದ್ದರು.

ಅಂಕೋಲೆಯ ಹೈಸ್ಕೂಲಿಗೆ ಹೋದ ಮೊದಲ ವಾರ ಗುರುಗಳು ಪಾಠ ಓದಲು ಎಬ್ಬಿಸಿದರು. ನಾನು ನಮ್ಮ ಮನೆಯ ಎಳೆತದಲ್ಲಿಯೇ ಓದಿದೆ. ಪೇಟೆಯ ಹುಡುಗರು ಬೆಂಚು ಬಡಿದು ನಕ್ಕರು. ಮನೆಗೆ ಬಂದು ಅತ್ತೆ. ಅಕ್ಕ ತರಕಾರಿ ಬುಟ್ಟಿ ಇಳಿಸಿ, ಒಳಗಿಂದ ಭಾವನ ಟ್ರಾನ್ಸಿಸ್ಟರ್ ತಂದು ನನ್ನ ಮುಂದಿಟ್ಟಳು. ವಾರ್ತೆ ಓದುತ್ತಾನಲ್ಲ, ಅವನ ಹಾಗೆ ಮಾತಾಡು, ಆಮೇಲೆ ಯಾರು ನಗುತ್ತಾರೆ ನೋಡೋಣ ಎಂದಳು. ನಾನು ಗದ್ದೆಯ ಬದುವಿನ ಮೇಲೆ ನಿಂತು ಕೊಕ್ಕರೆಗಳಿಗೆ ದಿನಾ ವಾರ್ತೆ ಓದಿ ಹೇಳಿದೆ. ಅಕ್ಕ ಸೊಪ್ಪು ಕಟ್ಟುತ್ತಾ ಕೇಳುವಳು, ನನ್ನ ಹಳೆಯ ಎಳೆತ ನುಸುಳಿದಲ್ಲೆಲ್ಲ ನಾಲಿಗೆ ಲೊಚಗುಟ್ಟುವಳು. ಎರಡು ವರ್ಷದಲ್ಲಿ ಅವಳು ಲೊಚಗುಟ್ಟುವುದು ನಿಂತಿತು. ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಬಂದ ದಿನ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅಷ್ಟು ಖುಷಿಯಾಗಿದ್ದ ಅವಳನ್ನು ನಾನು ಮತ್ತೆ ನೋಡಲಿಲ್ಲ.

ಹೋದ ವರ್ಷ ಅವಳ ಕಣ್ಣು ಪೂರಾ ಹೋಯಿತು. ಮೊದಲಿಂದ ಒಂದು ಕಣ್ಣು ಮಂಜಾಗಿತ್ತು, ಇನ್ನೊಂದೂ ನೋಡನೋಡುತ್ತ ಆರಿತು. ಅಲ್ಲಿಯವರೆಗೆ ನಾನು ಹೋದಾಗಲೆಲ್ಲ ಅವಳು ಮುಖ ನೋಡಿಯೇ ಗುರುತಿಸುತ್ತಿದ್ದಳು, ದನಿಯ ಅಗತ್ಯ ಬಿದ್ದಿರಲಿಲ್ಲ. ನನ್ನ ಮಂಡಿಯ ಆಪರೇಷನ್ ಆದ್ದರಿಂದ ಒಂದು ವರ್ಷ ನಾನು ಆ ಕಡೆ ಹೋಗಲಾಗಲಿಲ್ಲ. ಫೋನು ಮಾಡಿದಾಗ ಅವಳ ಮಗ, ನನ್ನ ಸೋದರಳಿಯ, ಮಾವನ ಫೋನು ಎಂದು ಹೇಳಿಯೇ ಕೊಡುತ್ತಿದ್ದ. ಲೈನು ಸರಿಯಿಲ್ಲ, ಬೇರೆ ಯಾರೋ ಮಾತಾಡಿದ ಹಾಗೆ ಕೇಳುತ್ತದೆ ಎಂದು ಅಕ್ಕ ಪ್ರತಿಸಲ ಗೊಣಗುವಳು. ನಾನು ಮೊಬೈಲ್ ಕಂಪನಿಯವರನ್ನು ಬೈಯುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಹೇಳದೆ ಕೇಳದೆ ಅಂಕೋಲೆಯ ಬಸ್ಸು ಹತ್ತಿದೆ. ದಣಪೆಯ ಜಾಗದಲ್ಲಿ ಈಗ ಕಬ್ಬಿಣದ ಗೇಟು ಇದೆ. ಆಚೆ ನಿಂತು, ಅಕ್ಕಾ ಎಂದು ಕೂಗಿದೆ. ಮಗ ಸೊಸೆ ಗದ್ದೆಗೆ ಹೋಗಿದ್ದರು, ಅಕ್ಕ ಜಗಲಿಯಲ್ಲಿ ಕೂತಿದ್ದಳು. ಮುಖ ನನ್ನ ಕಡೆ ತಿರುಗಿಸಿದಳು. ಸೆರಗು ಸರಿಮಾಡಿಕೊಂಡಳು. ನನ್ನೆದುರು ಅವಳು ಯಾವತ್ತೂ ಸೆರಗು ಸರಿಮಾಡಿಕೊಂಡವಳಲ್ಲ.

"ರೇಷನ್ ಪಟ್ಟಿ ಬರೆಯೂಕೆ ಬಂದ್ರಾ? ಬರ್ರಿ ಸಾಯೇಬ್ರೆ. ಕುರ್ಚಿ ಅದೆ, ಕೂತ್ಕಳಿ."

ಹೆಸರು ಹೇಳಬಹುದಿತ್ತು. ನೀವು ಅದನ್ನೇ ಕೇಳುತ್ತೀರಿ, ನನ್ನ ಹೆಂಡತಿಯೂ ಕೇಳಿದಳು. ಆ ಮನೆಯ ಬಾಗಿಲಲ್ಲಿ ನಿಂತು ನಾನು ನನ್ನ ಹೆಸರು ಹೇಳಿಕೊಳ್ಳುವುದೇ? ಮನಸ್ಸು ಬರಲಿಲ್ಲ. ಅದರ ಬದಲು ಒಂದು ಬುದ್ಧಿವಂತಿಕೆ ಮಾಡಿದೆ. ಐವತ್ತು ವರ್ಷದ ಹಿಂದೆ ಬಿಟ್ಟ ನಮ್ಮ ಮನೆಯ ಮಾತನ್ನು ನೆನಪಿನಿಂದ ಹೆಕ್ಕಿ ತೆಗೆದು, ಎಳೆಯಬೇಕಾದಲ್ಲಿ ಎಳೆದು, ನಾ ಬಂದೆನೇ ಅಕ್ಕಾ, ಕಣ್ಣು ಹ್ಯಾಂಗದ್ಯೇ ಎಂದೆ. ಮಾತು ಬಾಯಿಂದ ಹೊರಬೀಳುವಾಗಲೇ ನನಗೆ ತಿಳಿಯಿತು. ಕದ್ವಾಡದ ಮಾಸ್ತರ ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ.

ಅಕ್ಕನ ಮುಖ ಸಣ್ಣದಾಯಿತು. "ನಾವು ಓದ್ದವರಲ್ಲ ಸಾಯೇಬ್ರೆ, ನಮ್ಮ ಮಾತು ಹಿಂಗೇಯ. ಅಣಕಿಸೂದು ಬ್ಯಾಡ. ಬರಕಳ್ಳೂದಿದ್ರೆ ಬರಕಂಡು ಹೋಗಿ."

ಆಗ ಗಾಬರಿಯಲ್ಲಿ ಹೇಳಿಬಿಟ್ಟೆ, ನಾನು ನಿನ್ನ ತಮ್ಮನೇ ಎಂದು. ಗಾಬರಿಯಾದಾಗ ನನಗೆ ಬರುವುದು ಆ ಭಾಷಣದ ದನಿಯೇ. ಸಭಿಕರಿಗೆ ತಿಳಿಸುವ ಹಾಗೆ ಸ್ಪಷ್ಟವಾಗಿ, ಗಟ್ಟಿಯಾಗಿ ತಿಳಿಸಿದೆ. ಈಗ ಯಾರ ದನಿಯನ್ನು ಬೇಕಾದರೂ ಮಶೀನಿನಲ್ಲಿ ಮಾಡಿ, ನೆಂಟರೆಂದು ಹೇಳಿಕೊಂಡು ಮೋಸ ಮಾಡುತ್ತಾರೆ, ಹುಷಾರು ಎಂದು ನನ್ನ ಸೋದರಳಿಯ ಅವಳಿಗೆ ಹೇಳಿಟ್ಟಿದ್ದನಂತೆ. ಒಂದು ಚೂರು ಮಾತು ಕೊಟ್ಟರೆ ಸಾಕು, ಕಂಪ್ಯೂಟರು ಥೇಟ್ ನಮ್ಮ ಹಾಗೇ ಮಾತಾಡುತ್ತದೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ತೋರಿಸಿದ್ದ. ನನ್ನದನ್ನು ನಕಲು ಮಾಡಲು ಅದಕ್ಕೆ ಕಷ್ಟವೇ ಆಗಿರಲಿಲ್ಲ, ಅದು ಮೊದಲೇ ಯಾರದೋ ನಕಲು.

"ನನ್ನ ತಮನ್ನ ನಂಗೆ ಗುರ್ತು ಸಿಗೂದಿಲ್ವಾ?" ಎಂದಳು ಅಕ್ಕ. ಸಿಟ್ಟಿರಲಿಲ್ಲ, ಭಯವಿತ್ತು. ಗೋಡೆ ಹಿಡಿದುಕೊಂಡು ರೇಷನ್ ಕಾರ್ಡು ತರಲು ಒಳಗೆ ಹೋದಳು. ನನ್ನನ್ನು ಎತ್ತಿ ಆಡಿಸಿದವಳು ನನಗೆ ಹೆದರಿ ಕಾಗದಪತ್ರ ಹುಡುಕುತ್ತಿದ್ದಳು. ಆ ಕುರ್ಚಿಯಲ್ಲಿ ಕೂತು ಪಟ್ಟ ಸಂಕಟವನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೂ ಪೂರಾ ಹೇಳಲಾರೆ.

ಕೊನೆಗೆ, ಅಡುಗೆಮನೆಗೆ ಹೋಗಿ ಕೊಡದಲ್ಲಿನ ನೀರನ್ನು ನಾನೇ ಬಗ್ಗಿಸಿಕೊಂಡು ಕುಡಿಯುತ್ತೇನೆ, ಮನೆಯವನಲ್ಲದಿದ್ದರೆ ಯಾರು ಹಾಗೆ ಮಾಡುತ್ತಾರೆ, ಆಗಲಾದರೂ ಗೊತ್ತಾಗಲಿ ಎಂದು ಎದ್ದೆ. ಆ ಮನೆಯ ನಡುಬಾಗಿಲು ಗಿಡ್ಡ. ಹುಡುಗನಾಗಿದ್ದಾಗ ಉದ್ದ ಬೆಳೆಯತೊಡಗಿದ ಮೇಲೆ ದಿನಕ್ಕೊಮ್ಮೆಯಾದರೂ ಹೊಡೆಸಿಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿತ್ತು, ಬಗ್ಗಲು ಮರೆತೆ. ತಲೆ ಧಡಾರನೆ ಬಡಿಯಿತು. "ಅವ್ವೀ" ಎಂದು ಕೂಗಿಕೊಂಡೆ.

ಒಳಗೆ ಪೆಟ್ಟಿಗೆ ಕೆಳಗೆ ಬಿದ್ದ ಸದ್ದಾಯಿತು. "ತಮಾ! ಯಾವಾಗ ಬಂದ್ಯೋ? ಮತ್ತೆ ಹೊಡ್ಕಂಡ್ಯಾ ತಲೆ?" ಎನ್ನುತ್ತಾ ಅಕ್ಕ ಬಂದಳು. ತಡಕಾಡಿ ನನ್ನ ತಲೆ ಹುಡುಕಿ, ಎದ್ದ ಗುಬುಟಿಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ಬೆಲ್ಲ ತಂದು ಬಾಯಿಗೇ ಇಟ್ಟಳು. ಆಮೇಲೆ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು: "ಹೊರಗೆ ಒಬ್ರು ಸಾಯೇಬ್ರು ಕೂತಿದ್ರು. ನಿನ್ನ ಹೆಸರು ಹೇಳಿ ಆಟ ಆಡ್ತಿದ್ರು. ಹೋದ್ರಾ ನೋಡು."

ನಾನು ಹ್ಞೂಂ ಎಂದೆ. ಹ್ಞೂಂ ಎನ್ನುವುದಕ್ಕೆ ಊರಿಲ್ಲ, ಶಾಲೆಯಿಲ್ಲ, ಯಾರೂ ಅದನ್ನು ತಿದ್ದಿಲ್ಲ. ಮಂಡಿ ಹೇಗಿದೆ, ಹೆಂಡತಿ ಹೇಗಿದ್ದಾಳೆ, ಎಲ್ಲಕ್ಕೂ ಹ್ಞೂಂ. ಎಂತಕ್ಕೆ ಮಾತೇ ಆಡೂದಿಲ್ಲ ನೀನು ಎಂದು ಅಕ್ಕ ಎರಡು ಸಲ ಕೇಳಿದಳು. ಮಾತಿನಿಂದಲೇ ಹೊಟ್ಟೆ ಹೊರೆದವನು, ಬೆಲ್ಲವನ್ನು ದವಡೆಯಲ್ಲಿಟ್ಟುಕೊಂಡು ಬಾಯಿ ಬಿಗಿಹಿಡಿದು ಕೂತೆ. ಬಾಯಿ ತೆರೆದರೆ ಸಾಹೇಬರು ಮತ್ತೆ ಬಂದುಬಿಡುತ್ತಿದ್ದರು.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಅಳಿಯ ಇದ್ದರೆ, ಮಾವ ಬಂದ ಎಂದು ಹೇಳುತ್ತಾನೆ, ಅಕ್ಕ ಅವನ ಮಾತಿನ ಮೇಲೆ ನನ್ನನ್ನು ನಂಬುತ್ತಾಳೆ. ಮಾತಾಡುವಾಗ ಮುಖ ಮಾತ್ರ ಅವನ ಕಡೆಗೇ ಇರುತ್ತದೆ. ಹೋದ ತಿಂಗಳು ಅವನಿರಲಿಲ್ಲ. ನಾನು ಗೇಟಿನಲ್ಲಿ ಕೂಗಲೂ ಇಲ್ಲ. ಸದ್ದಿಲ್ಲದೆ ಜಗಲಿ ಹತ್ತಿ, ನಡುಬಾಗಿಲಿಗೆ ಬೇಕೆಂದೇ ಹಣೆ ಬಡಿಸಿಕೊಂಡು, ಅವ್ವೀ ಎಂದು ಕೂಗಿ, ಒಳಗಿನ ಕತ್ತಲೆಯ ಕಡೆ ಕಿವಿಗೊಟ್ಟು ನಿಂತೆ.

ಒಳಗಿಂದ ಅಕ್ಕ ಹೇಳಿದಳು: "ಬರ್ರಿ ಸಾಯೇಬ್ರೆ. ಬಾಗ್ಲು ಸಣ್ಣದು, ತಲೆ ಜೋಪಾನ."