ಆದಿತ್ಯವಾರದ ಕೈಗುಣ

ಅಲೆವೂರಿನ ನಮ್ಮ ಮನೆಯ ಕೋಳಿಗಳು ವಾರದ ಆರು ದಿನ ಕಾಯಿಲೆ ಬೀಳುತ್ತವೆ, ಆದಿತ್ಯವಾರ ಗುಣವಾಗುತ್ತವೆ. ಕಾರ್ಕಳದಿಂದ ನನ್ನ ತಂಗಿ ಬರುವುದು ಆದಿತ್ಯವಾರ. ಅವಳಿಗೆ ಕೈಗುಣ ಉಂಟು ಎಂದು ಅಮ್ಮನ ನಂಬಿಕೆ. ನನಗೆ ಅದು ಇಲ್ಲ ಎಂದು ಅಮ್ಮ ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ನಾನು ಅಮ್ಮನ ಜೊತೆಯಲ್ಲೇ ಇರುವವಳು. ಮದುವೆಯಾದ ಮಗಳು ತಾಯಿಮನೆಯಲ್ಲಿ ಉಳಿಯುವುದು ನಮ್ಮಲ್ಲಿ ಹೊಸತೇನಲ್ಲ. ಬನ್ನಂಜೆಯಲ್ಲಿ ಪುಸ್ತಕ, ಪೆನ್ನುಗಳ ಅಂಗಡಿ ಇಟ್ಟಿರುವ ನನ್ನ ಗಂಡನಿಗೂ ಇಲ್ಲಿಂದ ಓಡಾಡುವುದು ಸುಲಭ. ಅಮ್ಮನ ಮೊಣಕಾಲು ನೋವು ಜೋರಾದ ಮೇಲೆ ಹದಿನಾಲ್ಕು ಕೋಳಿಗಳ ಚಾಕರಿ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವವಳು ನಾನು, ತೌಡಿಗೆ ಗಂಜಿ ಕಲಸಿ ಇಡುವವಳು ನಾನು, ಹಿಕ್ಕೆ ಬಳಿಯುವವಳು ನಾನು. ಆಮೇಲೆ ಸ್ನಾನ ಮಾಡಿ ಮಣಿಪಾಲದ ಬಸ್ಸು ಹಿಡಿದು ಕಾಲೇಜಿನ ಆಫೀಸಿನಲ್ಲಿ ಕೂತಾಗ, ಪಕ್ಕದ ಮೇಜಿನವಳು ಮೂಗು ಸೊಟ್ಟ ಮಾಡಿದರೆ ಮೆಲ್ಲನೆ ಚಪ್ಪಲಿ ತಿರುಗಿಸಿ ನೋಡಿಕೊಳ್ಳುವವಳೂ ನಾನೇ.

ತಂಗಿಗೆ ಕಾರ್ಕಳದಲ್ಲಿ ಹೊಲಿಗೆ ಅಂಗಡಿ. ರಜೆಯ ದಿನ ಬಸ್ಸಿನಲ್ಲಿ ಬಂದು ಮಣಿಪಾಲದಲ್ಲಿ ಇಳಿದು, ರಿಕ್ಷಾ ಮಾಡಿಕೊಂಡು ಹತ್ತೂವರೆಯ ಸುಮಾರಿಗೆ ಅಂಗಳಕ್ಕೆ ಕಾಲಿಡುತ್ತಾಳೆ. ಇಸ್ತ್ರಿ ಮಾಡಿದ ಚೂಡಿದಾರ್, ತಲೆಯಲ್ಲಿ ಮಲ್ಲಿಗೆ. ಬ್ಯಾಗು ಕೆಳಗಿಡುವ ಮೊದಲೇ ಅಮ್ಮ ಜಗಲಿಯಲ್ಲಿ ಕೂತು ಆ ವಾರದ ರೋಗಿಗಳ ವರದಿ ಒಪ್ಪಿಸುತ್ತಾಳೆ. ನನ್ನ ಹತ್ತಿರ ಗಂಟಲು ನೋವೆಂದು ಪಿಸುಗುಡುತ್ತಿದ್ದವಳಿಗೆ ಅಷ್ಟು ಸ್ವರ ಎಲ್ಲಿಂದ ಬರುತ್ತದೋ ನನಗೆ ಗೊತ್ತಿಲ್ಲ.

ಒಮ್ಮೆ ನಾಲ್ಕು ಮರಿಗಳಿಗೆ ಸಿಡುಬು ಬಂತು. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಕಪ್ಪು ಹಕ್ಕಳೆ. ಒಂಬತ್ತು ದಿನ ಬೆಳಿಗ್ಗೆ ಸಂಜೆ ನಾನು ಒಂದೊಂದನ್ನೇ ಹಿಡಿದು ಬೇವಿನೆಣ್ಣೆಯಲ್ಲಿ ಅರಸಿನ ಕಲಸಿ ಹಚ್ಚಿದೆ, ಕಣ್ಣು ತೊಳೆದೆ, ಬೆರಳಲ್ಲಿ ಗಂಜಿ ತಿನ್ನಿಸಿದೆ. ನಡುವಿನ ಆದಿತ್ಯವಾರ ತಂಗಿಗೆ ಬರಲಾಗಿರಲಿಲ್ಲ. ಹತ್ತನೆಯ ದಿನ ಮತ್ತೆ ಆದಿತ್ಯವಾರ. ತಂಗಿ ಬಂದಳು, ಅದೇ ಎಣ್ಣೆಯನ್ನು ಒಂದು ಬೆರಳಲ್ಲಿ ತಾಗಿಸಿದಳು, ಬಂಗುಡೆ ಪುಳಿಮುಂಚಿ ಉಂಡು ಹೋದಳು. ಸೋಮವಾರ ಹಕ್ಕಳೆ ಉದುರಿತು. ಅವಳ ಕೈ ತಾಗಿದ್ದೇ ಸಾಕಾಯಿತು ನೋಡು ಎಂದು ಅಮ್ಮ ಎದುರುಮನೆಯವರಿಗೂ ಕೇಳುವ ಹಾಗೆ ಹೇಳಿದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರು ನನ್ನಂಥ ಯಾರನ್ನೋ ನೋಡಿಯೇ ಕಟ್ಟಿರಬೇಕು.

ಕಾವಿಗೆ ಮೊಟ್ಟೆ ಇಡುವ ವಿಷಯದಲ್ಲೂ ಹಾಗೆಯೇ. ಕೋಳಿ ಬುಧವಾರ ಕಾವಿಗೆ ಕೂತರೂ ಅಮ್ಮ ಮೊಟ್ಟೆಗಳನ್ನು ಅಕ್ಕಿಯಲ್ಲಿ ಹುಗಿದಿಟ್ಟು ಆದಿತ್ಯವಾರಕ್ಕೆ ಕಾಯುತ್ತಿದ್ದಳು. ಇಡುವವರ ಕೈ ಒಳ್ಳೆಯದಿರಬೇಕಂತೆ. ನಾನು ಒಂದೇ ಒಂದು ಸಲ ಹನ್ನೊಂದು ಮೊಟ್ಟೆ ಇಟ್ಟಿದ್ದೆ, ಎರಡು ಮರಿಯಾದವು. ಆ ವಾರವೆಲ್ಲ ಸಿಡಿಲು. ಸಿಡಿಲಿಗೆ ಮೊಟ್ಟೆ ಕೆಡುತ್ತದೆಂದು ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟವಳೇ ಅಮ್ಮ. ಆ ಸಲ ಮಾತ್ರ ಅವಳು ಸಿಡಿಲಿನ ಸುದ್ದಿ ಎತ್ತಲಿಲ್ಲ.

ಇಂಥ ಮನೆಗೆ ಕಾಪುವಿನಿಂದ ಒಂದು ಹುಂಜ ಬಂತು. ಗಂಡನ ನೆಂಟರೊಬ್ಬರು ಕೊಟ್ಟದ್ದು. ಅಷ್ಟು ಕೋಳಿಗಳಿದ್ದರೂ ಅದಕ್ಕೆ ಬೇಕಾದದ್ದು ಅಮ್ಮನ ಮುದ್ದಿನ ಕಪ್ಪು ಹೇಂಟೆ ಮಾತ್ರ. ಎರಡು ತಿಂಗಳಲ್ಲಿ ಹೇಂಟೆಯ ಬೆನ್ನಿನ ಪುಕ್ಕವೆಲ್ಲ ಹೋಗಿ, ಹುಂಜದ ಉಗುರು ಗೀರಿ ಚರ್ಮ ಕಾಣತೊಡಗಿತು. ಪಶು ಆಸ್ಪತ್ರೆಯ ಡಾಕ್ಟರು ನೋಡಿ, ಇದು ರೋಗವಲ್ಲ, ಹುಂಜಕ್ಕೆ ಯಾವುದು ಹೆಚ್ಚು ಇಷ್ಟವೋ ಅದರ ಪುಕ್ಕ ಮೊದಲು ಹೋಗುತ್ತದೆ, ಹುಂಜವನ್ನು ಬೇರೆ ಕಟ್ಟಿ ಎಂದರು. ಮುದ್ದಿನವರಿಗೂ ಒಮ್ಮೊಮ್ಮೆ ಹೀಗಾಗುತ್ತದೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಬುದ್ಧಿ ಇರುವುದೇ ಹಾಗೆ, ಅಡಗಿಸಿ ಏನು ಪ್ರಯೋಜನ.

ಹುಂಜದ ಕಾಲಿಗೆ ಹಗ್ಗ ಹಾಕಿ ಪೇರಳೆ ಮರಕ್ಕೆ ಕಟ್ಟಿದೆ. ಶುಕ್ರವಾರ ಸಂಜೆ ಆಫೀಸಿನಿಂದ ಬರುವಾಗ ಅಮ್ಮ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದಳು, ನೀನು ಬಂದು ಒಮ್ಮೆ ಕೈ ಹಾಕದೆ ಇದು ಸರಿಯಾಗುವುದಿಲ್ಲ ಎಂದು. ಚಪ್ಪಲಿ ಬಿಡುತ್ತಿದ್ದ ನನ್ನ ಮೈ ಉರಿದುಹೋಯಿತು. ಅವಳು ಬರುವಷ್ಟರಲ್ಲಿ ಹೇಂಟೆಯನ್ನು ನಾನೇ ಗುಣ ಮಾಡಿಬಿಡಬೇಕು, ಅಮ್ಮ ಒಮ್ಮೆಯಾದರೂ ನನ್ನ ಕೈ ನೋಡಿ ಒಳ್ಳೆಯ ಕೈ ಎನ್ನಬೇಕು ಎಂದು ಹಟ ಹುಟ್ಟಿತು. ಅಷ್ಟು ದೊಡ್ಡ ಹೆಂಗಸಿಗೆ ಅಷ್ಟು ಸಣ್ಣ ಆಸೆ.

ಚಿಕ್ಕಂದಿನಲ್ಲಿ ಕಾಲು ಉಳುಕಿದರೆ, ಕುರು ಎದ್ದರೆ ಅಮ್ಮ ಅರಸಿನಕ್ಕೆ ಸುಣ್ಣ ಕಲಸಿ ಹಚ್ಚುತ್ತಿದ್ದಳು. ಶನಿವಾರ ಬೆಳಿಗ್ಗೆ ಅವಳ ಎಲೆಯಡಿಕೆಯ ತಟ್ಟೆಯಿಂದ ಸುಣ್ಣದ ಡಬ್ಬಿ ತೆಗೆದು, ಅರಸಿನಕ್ಕೆ ಧಾರಾಳವಾಗಿ ಕಲಸಿದೆ. ಕಲಸಿದೊಡನೆ ಅದು ರಕ್ತದ ಹಾಗೆ ಕೆಂಪಾಯಿತು, ಯಾವಾಗಲೂ ಆಗುವಂತೆ. ಹೇಂಟೆಯ ಬೆನ್ನಿಗೆ ದಪ್ಪಗೆ ಮೆತ್ತಿ, ಉಳಿದವುಗಳ ಜೊತೆ ಬಿಟ್ಟು, ಬಸ್ಸಿಗೆ ಓಡಿದೆ.

ಕೋಳಿ ಸಾಕುವ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ ಒಂದುಂಟು: ಒಂದು ಕೋಳಿಯ ಮೈಮೇಲೆ ಹನಿ ರಕ್ತ ಕಂಡರೆ ಉಳಿದವು ಬಿಡುವುದಿಲ್ಲ, ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ಕೆಂಪು ಕಂಡರೆ ಸಾಕು. ನನಗೂ ಗೊತ್ತಿತ್ತು. ಆ ಬೆಳಿಗ್ಗೆ ನನಗೆ ಕಾಣುತ್ತಿದ್ದದ್ದು ತಂಗಿಯ ಮುಖ ಮಾತ್ರ.

ಮಧ್ಯಾಹ್ನ ಎರಡು ಗಂಟೆಗೆ ಬಂದಾಗ ಹೇಂಟೆ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸಂದಿಗೆ ತಲೆ ತುರುಕಿ ಕೂತಿತ್ತು. ಬೆನ್ನು ನೋಡುವ ಹಾಗಿರಲಿಲ್ಲ. ಸುಣ್ಣ ಯಾವುದು, ರಕ್ತ ಯಾವುದು ಗೊತ್ತಾಗುತ್ತಿರಲಿಲ್ಲ. ಜಗಲಿಯಿಂದ ಅಮ್ಮ, ಬೆಳಿಗ್ಗೆಯಿಂದ ಹಿಂದುಗಡೆ ಎಂತದೋ ಗಲಾಟೆ, ಮೆಟ್ಟಿಲು ಇಳಿಯಲು ಆಗಲಿಲ್ಲ ಎಂದು ಅಳುವ ಸ್ವರದಲ್ಲಿ ಹೇಳುತ್ತಿದ್ದಳು. ನಾನು ಮೊದಲು ಮಾಡಿದ್ದು ಏನು ಗೊತ್ತೇ? ಪೇರಳೆ ಮರದ ಬುಡಕ್ಕೆ ಹೋಗಿ ಹುಂಜದ ಹಗ್ಗ ಬಿಚ್ಚಿದೆ. ಆಮೇಲೆ ಬಂದು, ಹುಂಜ ತಪ್ಪಿಸಿಕೊಂಡಿತ್ತು, ಅದರದ್ದೇ ಕೆಲಸ ಎಂದೆ. ಅಮ್ಮ ಮೂರು ಸಲ ಕೇಳಿದಳು, ಹುಂಜವೇ ಹೌದಾ ಎಂದು. ಮೂರು ಸಲವೂ ಹೌದು ಎಂದೆ. ಹೇಂಟೆಯನ್ನು ತೊಳೆದು ಬುಟ್ಟಿಯಡಿ ಮುಚ್ಚಿ, ನನ್ನ ಬೆರಳನ್ನು ತೆಂಗಿನ ನಾರಿನಿಂದ ಉಜ್ಜಿದೆ. ಅರಸಿನದ ಬಣ್ಣ ಒಂದೇ ದಿನದಲ್ಲಿ ಎಲ್ಲಿ ಹೋಗುತ್ತದೆ?

ಮರುದಿನ ತಂಗಿ ಬಂದು ಹೇಂಟೆಯನ್ನು ಮಡಿಲಲ್ಲಿ ಕೂರಿಸಿಕೊಂಡಳು. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಗಾಯ ತೊಳೆದಳು. ಪುಕ್ಕದ ಬುಡದಲ್ಲಿ ಉಳಿದಿದ್ದ ಕೆಂಪು ನೀರಿಗೆ ಇಳಿಯಿತು. ಅವಳು ಅದನ್ನು ನೋಡಿದಳು, ನನ್ನ ಬೆರಳನ್ನೂ ನೋಡಿದಳು. ಅಮ್ಮ ಜಗಲಿಯಿಂದ ಎಂತ ಆದದ್ದು ಅದಕ್ಕೆ ಎಂದು ಕೇಳಿದಾಗ ತಲೆ ಎತ್ತದೆ ಹೇಳಿದಳು, "ಹುಂಜದ್ದೇ ಅಮ್ಮ, ಮತ್ತೆಂತ."

ಅಮ್ಮ ಮತ್ತೆ ಕೇಳಲಿಲ್ಲ. ನಾನು ಮೂರು ಸಲ ಹೇಳಿದರೂ ನಂಬದ ಸುಳ್ಳು ತಂಗಿಯ ಬಾಯಲ್ಲಿ ಒಂದೇ ಸಲಕ್ಕೆ ನಿಜವಾಯಿತು. ನನ್ನನ್ನು ಉಳಿಸಿದಳಲ್ಲ ಎಂಬ ಕೃತಜ್ಞತೆಗಿಂತ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚೇ.

ಆಮೇಲೆ ಅವಳು ಬಚ್ಚಲ ಒಲೆಯ ಹಂಡೆಯ ಮಸಿ ಕೆರೆದು, ತೆಂಗಿನೆಣ್ಣೆಯಲ್ಲಿ ಕಲಸಿ ಗಾಯದ ಸುತ್ತ ಹಚ್ಚಿದಳು. ಕಪ್ಪು ಕೋಳಿಯ ಮೈಯಲ್ಲಿ ಕಪ್ಪು ಮಸಿ, ಕೆಂಪೇ ಕಾಣದು. ಅಷ್ಟಕ್ಕೆ ಬಿಟ್ಟಳೇ? ಅಮ್ಮನ ಹಳೆಯ ಮಿಷನ್ನಿನಲ್ಲಿ ಕೂತು, ಕಪ್ಪು ಲೈನಿಂಗ್ ಬಟ್ಟೆ ಕತ್ತರಿಸಿ, ಎರಡು ರೆಕ್ಕೆಗೆ ಇಲಾಸ್ಟಿಕ್ ಕೊಟ್ಟು, ಹೇಂಟೆಯ ಬೆನ್ನಿಗೊಂದು ರವಿಕೆ ಹೊಲಿದಳು. ಗಾಯ ಆರಿದ ಮೇಲೆ ಹಾಕಬೇಕಂತೆ, ಆಗ ಹುಂಜದ ಉಗುರು ತಾಗುವುದಿಲ್ಲವಂತೆ. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಮ್ಮನನ್ನು ಹಾಗೆ ನಗಿಸಲು ನನಗೆ ಯಾವತ್ತೂ ಆಗಿಲ್ಲ. ನಾನು ಒಳಗೆ ಹೋಗಿ ಅನಗತ್ಯವಾಗಿ ಪಾತ್ರೆ ತೊಳೆದೆ.

ಐದು ವಾರದಲ್ಲಿ ಹೇಂಟೆಯ ಬೆನ್ನಲ್ಲಿ ಮುಳ್ಳಿನಂಥ ಹೊಸ ಪುಕ್ಕ ಮೂಡಿತು. ದಿನವೂ ಎಣ್ಣೆ ಮಸಿ ಹಚ್ಚಿದವಳು, ರವಿಕೆ ಒಗೆದು ಒಣಗಿಸಿದವಳು ನಾನು ಎಂದು ಬೇರೆ ಹೇಳಬೇಕಾಗಿಲ್ಲ. ಒಂದು ಶನಿವಾರ ಸಂಜೆ ಹೇಂಟೆಯನ್ನು ಜಗಲಿಗೆ ತಂದು ಅಮ್ಮನಿಗೆ ತೋರಿಸಿ, ಇದು ಸರಿಯಾಯಿತು, ನಾಳೆ ಅವಳು ಅಷ್ಟು ದೂರದಿಂದ ಬರುವುದು ಬೇಡ ಎಂದೆ. ನನ್ನ ಸ್ವರದಲ್ಲಿ ಸಂತೋಷ ಇದ್ದಿರಬೇಕು.

ಅಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು. "ಆವತ್ತು ನನ್ನ ಸುಣ್ಣದ ಡಬ್ಬಿ ಖಾಲಿ ಮಾಡಿದ್ದೂ ಹುಂಜವಾ?" ಎಂದಳು.

ನಾನು ಹೇಂಟೆಯನ್ನು ಕಂಕುಳಿಗೆ ಸರಿಸಿಕೊಂಡೆ. ಅಮ್ಮ ಗದರಿಸಲಿಲ್ಲ. ಎಲೆ ಮಡಚಿ ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಹೇಳಿದಳು:

"ಕೈಗುಣ ಎಲ್ಲಿ ಉಂಟು ಮಾರಾಯ್ತಿ ಈ ಕಾಲದಲ್ಲಿ? ನನಗೆ ಹುಷಾರಿಲ್ಲ ಅಂತ ಹೇಳಿದ್ರೆ ಅವಳು ಅಕ್ಕ ಇದ್ದಾಳಲ್ಲ ಅಂತಾಳೆ. ಕೋಳಿಗೆ ನಿನ್ನ ಕೈಯೇ ಬೇಕು ಅಂದ್ರೆ ಓಡಿ ಬರ್ತಾಳೆ. ನಾನು ಮತ್ತೆಂತ ಹೇಳಿ ಕರೆಯುವುದು ಅವಳನ್ನು?"

ಇಷ್ಟು ವರ್ಷ ನನ್ನನ್ನು ಸುಟ್ಟದ್ದು ಒಂದು ಸುಳ್ಳು. ತಿಳಿದ ಮೇಲಾದರೂ ಉರಿ ತಣ್ಣಗಾಗಬೇಕಿತ್ತಲ್ಲ, ಆಗಲಿಲ್ಲ. ಕರೆಸಿಕೊಳ್ಳಲು ಇಷ್ಟು ಉಪಾಯ ಮಾಡುವಷ್ಟು ಅವಳು ಬೇಕು ಅಮ್ಮನಿಗೆ. ನಾನು ಹೇಗೂ ಇದ್ದೇನೆ.

ಅಮ್ಮ ಫೋನು ನನ್ನ ಕಡೆ ಚಾಚಿದಳು. ಕಳೆದ ವಾರವೇ ಅವಳು ಪುಕ್ಕ ಮೂಡಿದ್ದನ್ನು ನೋಡಿ ಹೋಗಿದ್ದಾಳೆ, ತಾನು ಹೇಳಿದರೆ ಈ ಸಲ ನಂಬುವುದಿಲ್ಲ, ನೀನೇ ಹೇಳು ಎಂದಳು. "ನೀನು ಹೇಳಿದ್ರೆ ನಂಬ್ತಾಳೆ. ನಿನ್ನ ಬಾಯಿಂದ ಅವಳು ಒಂದು ಒಳ್ಳೆ ಮಾತು ಕೇಳಿದವಳೇ ಅಲ್ಲ."

ನಾನು ಫೋನು ಮಾಡಿದೆ. ಹೇಂಟೆ ಯಾಕೋ ಸೊರಗಿದೆ, ತೌಡು ಮುಟ್ಟುವುದಿಲ್ಲ, ನಾನು ಏನು ಮಾಡಿದರೂ ಆಗುವುದಿಲ್ಲ ಎಂದೆ. ನನ್ನ ಕಂಕುಳಿನಿಂದ ಜಾರಿದ ಹೇಂಟೆ ಅಷ್ಟರಲ್ಲಿ ಅಮ್ಮನ ತಟ್ಟೆಯ ಎಲೆ ಕುಕ್ಕುತ್ತಿತ್ತು. ತಂಗಿ ಅನುಮಾನದಿಂದ, ಹೌದಾ ಅಕ್ಕ ಎಂದಳು.

"ಹೌದು ಮಾರಾಯ್ತಿ," ಎಂದೆ. "ನಿನ್ನ ಕೈಗುಣ ನನಗೆ ಎಲ್ಲಿ ಉಂಟು?"

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಬೆಳಿಗ್ಗೆಯ ಮೊದಲ ಬಸ್ಸಿಗೇ ಬರ್ತೇನೆ ಎಂದಾಗ ಅವಳ ಸ್ವರ ಒದ್ದೆಯಾಗಿತ್ತು. ಅಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳಾದರೂ ಸರಿ, ಆ ಮಾತನ್ನು ನನಗೂ ಯಾರಾದರೂ ಒಮ್ಮೆ ಹೇಳಬಾರದಿತ್ತೇ ಎಂದು ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.