ಯಾರೂ ಬಳಸದ ಉಪಕರಣ

ನನ್ನನ್ನು ಬಲ್ಲವರೆಲ್ಲ ನನ್ನನ್ನು ಸಮಾಧಾನದ ಹೆಂಗಸು ಎನ್ನುತ್ತಾರೆ. ಕೋಲಾರದ ಬಸ್ ನಿಲ್ದಾಣದಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ಕ್ಷಮೆ ಕೇಳಿದ್ದುಂಟು. ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಈ ಹೆಸರನ್ನು ಮೊನ್ನೆ ಮೂರೇ ವಾರದಲ್ಲಿ ಕಳೆದುಕೊಂಡೆ. ಆ ಮೂರು ವಾರ ನಾನು ಹಲ್ಲು ಕಡಿಯುತ್ತ ಓಡಾಡಿದೆ, ಕುಕ್ಕರಿನ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿದೆ, ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತ ಮಾಡುತ್ತ ಸೀಮೆಸುಣ್ಣ ಮುರಿದೆ. ಕಾರಣವನ್ನು ಯಾರಿಗಾದರೂ ಹೇಳೋಣವೆಂದರೆ ಅದಕ್ಕೆ ಪೀಠಿಕೆಯೇ ಅರ್ಧ ಗಂಟೆ ಬೇಕು. ಚುಟುಕಾಗಿ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂಗಳಲ್ಲಿ ಯಾರು ಬೇಕಾದರೂ ತೆರೆದು ಓದಬಹುದಾದ, ತಿದ್ದಬಹುದಾದ ಒಂದಿದೆ. ಲೋಕದ ಮೂಲೆಮೂಲೆಯವರು ಸೇರಿ ಬರೆದದ್ದು. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಈ ಕರ್ನೆಲ್ ಒಮ್ಮೊಮ್ಮೆ ನಿಂತ ನಿಲುವಿನಲ್ಲೇ ಕುಸಿದು ಸಾಯುತ್ತದೆ. ಸಾಯುವ ಮೊದಲು ಆ ಕ್ಷಣ ತನ್ನ ನೆನಪಿನಲ್ಲಿದ್ದುದನ್ನೆಲ್ಲ ಒಂದು ಕಡತಕ್ಕೆ ಸುರಿದು ಹೋಗುತ್ತದೆ. ಆ ಕಡತವನ್ನು ತೆರೆದು, ಸಾವು ಎಲ್ಲಿ ಹೇಗೆ ಬಂತೆಂದು ಹೇಳುವ ಸಾಫ್ಟ್‌ವೇರ್ ಉಪಕರಣವೊಂದಿದೆ. ಅದನ್ನು ನೋಡಿಕೊಳ್ಳುವವಳು ನಾನು. ನಮ್ಮತ್ತೆ ಮುಳಬಾಗಿಲಿನ ಕಡೆ ಬೈರಕೂರಿನವರು, ತೆಲುಗು ಬೆರೆಸದೆ ಕನ್ನಡ ಆಡಲಾರರು. ಇದನ್ನೆಲ್ಲ ಕೇಳಿ, "ನಾ ಕೋಡಲು, ನನ್ ಸೊಸೆ, ಸತ್ತಿರೋ ಕಂಪ್ಯೂಟ್ರುಗೆ ಪೋಸ್ಟ್‌ಮಾರ್ಟಂ ಮಾಡ್ತಾಳೆ" ಎಂದು ಬೀದಿಗೆಲ್ಲ ಹೇಳಿಬಿಟ್ಟರು. ಪಕ್ಕದ ಮನೆಯವರು ಸ್ವಲ್ಪ ದಿನ ನಮ್ಮಲ್ಲಿ ಕಾಫಿ ಕುಡಿಯಲು ಹಿಂಜರಿದರು.

ಇದು ನನ್ನ ಪಾಲಿಗೆ ಬಂದದ್ದೂ ವಿಚಿತ್ರವೇ. ಹನ್ನೆರಡು ವರ್ಷದ ಹಿಂದೆ ಅದರಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ತಿದ್ದಿ ಕಳಿಸಿದ್ದೆ. ಆಗ ಅದನ್ನು ನೋಡಿಕೊಳ್ಳುತ್ತಿದ್ದವರು ಯಾವುದೋ ತಣ್ಣನೆಯ ದೇಶದ ಮುದುಕರು. ಅವರು ಧನ್ಯವಾದ ಹೇಳಿ, "ಇದನ್ನು ಕೊನೆಯವರೆಗೆ ಓದಿದವಳು ನೀನೊಬ್ಬಳೇ, ಇನ್ನು ನಿನ್ನದು" ಎಂದು ಬರೆದು ದೋಣಿ ರಿಪೇರಿಗೆ ಹೋಗಿಬಿಟ್ಟರು. ಮೇಷ್ಟರ ಮಗಳು ನಾನು, ಕಾಗುಣಿತ ತಿದ್ದುವ ಚಟ ಹುಟ್ಟಿನಿಂದ ಬಂದದ್ದು. ಆ ಚಟಕ್ಕೆ ಇಷ್ಟು ದೊಡ್ಡ ದಂಡ ತೆತ್ತವರು ಬೇರೆ ಇರಲಾರರು.

ದಂಡ ಎಂದದ್ದು ಸುಮ್ಮನಲ್ಲ. ಕರ್ನೆಲ್ ಬರೆಯುವವರು ಒಳಗಿನ ವ್ಯವಸ್ಥೆಯನ್ನು ಆಗಾಗ ಬದಲಿಸುತ್ತಾರೆ, ನನಗೆ ಹೇಳುವುದಿಲ್ಲ. ಮನೆಯಲ್ಲಿರುವ ಕುರುಡಜ್ಜನಿಗೆ ತಿಳಿಸದೆ ಮಂಚ ಸರಿಸಿದ ಹಾಗೆ. ನನ್ನ ಉಪಕರಣ ಎಡವಿ ಬೀಳುತ್ತದೆ. ಆಗ ಇ-ಮೇಲಿನಲ್ಲಿ ಕಾಗದ ಬರುತ್ತದೆ: "ಕೆಲಸ ಮಾಡುತ್ತಿಲ್ಲ. ಬೇಗ ಸರಿಪಡಿಸಿ." ನಮಸ್ಕಾರವಿಲ್ಲ, ಹೆಸರಿಲ್ಲ. ಸರಿಪಡಿಸಿದ ಮೇಲೆ ಅವರ ಸುಳಿವೂ ಇಲ್ಲ.

ಇದಕ್ಕೆಲ್ಲ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಅತ್ತೆಯ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಒಂಬತ್ತು ದಿನದ ಮೇಲೆ ಕಂಪ್ಯೂಟರ್ ತೆರೆದಾಗ. ಕರ್ನೆಲ್ ಕೆಲಸದವರೆಲ್ಲ ಓದುವ ಇ-ಮೇಲ್ ಪಟ್ಟಿಯಲ್ಲಿ ಒಬ್ಬ ಮಹಾಶಯ ಪ್ರಸ್ತಾವ ಇಟ್ಟಿದ್ದ. ಈ ಉಪಕರಣವನ್ನು ಯಾರೂ ಬಳಸುತ್ತಿಲ್ಲ, ನೋಡಿಕೊಳ್ಳುವವರು ಉತ್ತರಿಸುತ್ತಿಲ್ಲ, ನಾವು ಮಾಡಿದ ಹೊಸದೊಂದಿದೆ, ಹಳೆಯದನ್ನು ಎರಡು ವಾರದಲ್ಲಿ ಕಿತ್ತುಹಾಕೋಣ. ಕೆಳಗೆ ನಾಲ್ಕು ಮಂದಿ "ಒಪ್ಪಿಗೆ" ಎಂದು ಬರೆದಿದ್ದರು. ಅವರಲ್ಲೊಬ್ಬನಿಗೆ ಹಿಂದಿನ ದೀಪಾವಳಿಯಲ್ಲಿ, ಎಣ್ಣೆಸ್ನಾನದ ನೀರು ಆರಿಹೋಗುವವರೆಗೆ ಕೂತು, ಅವನ ಯಂತ್ರ ಯಾಕೆ ಸತ್ತಿತೆಂದು ಹುಡುಕಿಕೊಟ್ಟಿದ್ದೆ. ಒಪ್ಪಿಗೆಯಂತೆ!

ಮೂರು ಪುಟದ ಉತ್ತರ ಬರೆದೆ. ಕಾಲೇಜು ದಿನಗಳಲ್ಲಿ ಕಲಿತ ಇಂಗ್ಲಿಷಿನ ಚೂಪಾದ ಪದಗಳನ್ನೆಲ್ಲ ಅಟ್ಟದಿಂದ ಇಳಿಸಿದ್ದೆ. ಹೋಳೂರಿನ ಹೈಸ್ಕೂಲಿನಲ್ಲಿ ಮೇಷ್ಟರಾಗಿರುವ ನನ್ನ ಗಂಡನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ಬೈಗಳ ಚೆನ್ನಾಗದೆ ಕಣೇ. ಆದ್ರೆ ಅವನು ಕೇಳಿರೋದಕ್ಕೆ ಉತ್ರ ಎಲ್ಲಿ? ಯಾರ್ ಬಳಸ್ತಾರೆ ಹೇಳು."

ಹಳೆಯ ಕಾಗದಗಳನ್ನೆಲ್ಲ ತಿರುವಿದೆ, ಸಿಕ್ಕಿದ್ದು ಆ "ಒಪ್ಪಿಗೆ" ಎಂದವನ ಹೆಸರೊಂದೇ. ಉಚಿತವಾಗಿ ಸಿಗುವುದನ್ನು ಒಯ್ದವರು ವಿಳಾಸ ಬಿಟ್ಟುಹೋಗುವುದಿಲ್ಲ. ಆ ದಿನ ಗಂಡನ ಮೇಲೂ ಸಿಟ್ಟಾದೆ. ಸರಿಯಾದ ಪ್ರಶ್ನೆ ಕೇಳುವವರ ಮೇಲೆ ಬರುವ ಸಿಟ್ಟು ಎಲ್ಲಕ್ಕಿಂತ ಖಾರ.

ನಾಲ್ಕು ದಿನ ಕಳೆದು ಮಂಜುಳಾ ಫೋನ್ ಮಾಡಿದಳು. ಹಳೆಯ ವಿದ್ಯಾರ್ಥಿನಿ, ಮಾಲೂರಿನ ಹತ್ತಿರ ಶಿವಾರಪಟ್ಟಣದವಳು. ಮನೆತನದ ಕಸುಬು ವಿಗ್ರಹ ಕೆತ್ತನೆ. ಕಲ್ಲಿನ ಒರಟು ಕೆಲಸಕ್ಕೆ ಈಗ ಕಂಪ್ಯೂಟರಿನಿಂದ ನಡೆಯುವ ಯಂತ್ರ ತಂದಿದ್ದಾರೆ, ಅದನ್ನು ನಡೆಸುವವಳು ಅವಳು.

"ಮೇಡಂ, ಮಿಷಿನ್ನು ಕೆಲಸದ ಮಧ್ಯ ನಿಂತೋಗ್ತದೆ. ಉಳಿ ಮಾತ್ರ ತಿರುಗ್ತಾನೇ ಇರ್ತದೆ. ಎರಡು ಕಲ್ಲು ಹಾಳಾಯ್ತು. ಮಾರಿದೋರು ನಿಮ್ಮೂರ ಕರೆಂಟ್ ಸರಿಯಿಲ್ಲ ಅಂತಾರೆ. ಅಪ್ಪ ಮಾತಾಡ್ತಾನೇ ಇಲ್ಲ."

ಭಾನುವಾರ ಮಾಲೂರಿನ ಬಸ್ಸು ಹತ್ತಿದೆ. ಅಲ್ಲಿಂದ ಅವಳೇ ಸ್ಕೂಟರಿನಲ್ಲಿ ಕರೆದೊಯ್ದಳು. ಅಂಗಳದಲ್ಲಿ ವೆಂಕಟರಮಣನ ವಿಗ್ರಹವೊಂದು ಬಲಗೈ ಮೊಣಕೈಯಿಂದ ಕೆಳಗಿಲ್ಲದೆ ಮಲಗಿತ್ತು. ಪಕ್ಕದಲ್ಲಿ ಕೂತಿದ್ದ ಅವಳ ತಂದೆ ವೀರಾಚಾರಿಯವರು ನನ್ನ ಕಡೆ ತಲೆ ಆಡಿಸಿ ಮತ್ತೆ ಉಳಿ ಮಸೆಯತೊಡಗಿದರು.

ಯಂತ್ರ ನಡೆಸುತ್ತಿದ್ದುದು ನಮ್ಮದೇ ಆಪರೇಟಿಂಗ್ ಸಿಸ್ಟಂ. ಸಾಯುವಾಗ ನೆನಪನ್ನು ಕಡತಕ್ಕೆ ಸುರಿಯುವಂತೆ ವ್ಯವಸ್ಥೆ ಮಾಡಿ, ಕೆಲಸಕ್ಕೆ ಬಾರದ ಚಪ್ಪಡಿಯೊಂದನ್ನು ಇಟ್ಟು ಓಡಿಸಿದೆವು. ಊಟದ ಹೊತ್ತಿಗೆ ಅದು ಸತ್ತಿತು. ಕಡತವನ್ನು ಮೊದಲು, ಬೇಕೆಂದೇ, ಆ ಮಹಾಶಯನ ಹೊಸ ಉಪಕರಣಕ್ಕೆ ಕೊಟ್ಟೆ. ಇಷ್ಟು ಹಳೆಯ ಮಾದರಿಯ ಕಂಪ್ಯೂಟರನ್ನು ತಾನು ಗುರುತಿಸುವುದಿಲ್ಲ ಎಂದು ಅದು ಬಾಗಿಲಲ್ಲೇ ನಿಂತಿತು. ನನ್ನದು ಒಳಗೆ ಹೋಯಿತು. ಸಂತೋಷದಿಂದ ತೊಡೆ ತಟ್ಟಿಕೊಂಡೆ.

ಸಾವಿನ ಕಾರಣ ಸಿಗಲು ಎರಡು ಗಂಟೆ ಹಿಡಿಯಿತು. ಉಳಿಯ ಮೋಟರಿಗೂ ಕಂಪ್ಯೂಟರಿಗೂ ನಡುವೆ ಇರುವ ಒಂದು ಕಾರ್ಡಿಗಾಗಿ ಕರ್ನೆಲ್‌ನಲ್ಲಿ ಬರೆದ ಸಾಲುಗಳಲ್ಲಿ ದೋಷವಿತ್ತು. ಕೆಡವಿಹಾಕಿದ ಮನೆಯ ವಿಳಾಸಕ್ಕೆ ಕಾಗದ ಹಾಕಿದ ಹಾಗೆ, ಅಳಿಸಿಹೋದ ನೆನಪಿನ ಜಾಗಕ್ಕೆ ಅದು ಸಂದೇಶ ಕಳಿಸುತ್ತಿತ್ತು. ಆ ಸಾಲು ಬರೆದವನು ಯಾರೆಂದು ನೋಡಬೇಕೆನಿಸಿತು, ಆ ಮಹಾಶಯನೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ. ಪ್ರತಿ ಬದಲಾವಣೆಯ ಜೊತೆ ಬರೆದವರ ಹೆಸರೂ ಪರಿಶೀಲಿಸಿದವರ ಹೆಸರೂ ಇರುತ್ತದೆ. ಬರೆದವನು ಯಾರೋ ಗುರುತಿಲ್ಲದವನು. ಪರಿಶೀಲಿಸಿದವಳು ನಾನು.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಉಪಕರಣಕ್ಕೂ ತಾಗುವ ಬದಲಾವಣೆಯಾದ್ದರಿಂದ ನನ್ನನ್ನು ಕೇಳಿದ್ದರು. ನನಗೆ ಬೇಕಾದ ಮೂರು ಸಾಲು ಓದಿ, ಮಿಕ್ಕದ್ದರ ಮೇಲೆ ಕಣ್ಣಾಡಿಸಿ, ಚೆನ್ನಾಗಿದೆ ಎಂದು ಹೆಸರು ಹಾಕಿದ್ದೆ. ಒಪ್ಪಿಗೆ ಎಂದು ಬರೆದ ಆ ನಾಲ್ವರು ಮಾಡಿದ್ದೂ ಅದನ್ನೇ.

ಮಂಜುಳಾ ಪರದೆಯನ್ನೂ ನನ್ನನ್ನೂ ನೋಡಿದಳು. "ಅಪ್ಪಂಗೆ ಹೇಳೋದು ಬೇಡ ಬಿಡಿ ಮೇಡಂ."

ಹೇಳದೆ ಬಸ್ಸು ಹತ್ತಬಹುದಿತ್ತು. ಅಂಗಳಕ್ಕೆ ಹೋಗಿ ಹೇಳಿದೆ. ಈ ತಪ್ಪು ನನ್ನ ಕೈ ದಾಟಿ ಹೋದದ್ದು, ನಾನು ಸರಿಯಾಗಿ ಓದಲಿಲ್ಲ ಎಂದೆ.

ವೀರಾಚಾರಿಯವರು ಉಳಿ ಕೆಳಗಿಟ್ಟರು. "ಓದ್ದೇನೇ ಸೈನ್ ಹಾಕಿದ್ರಾ?"

"ಹೌದು."

"ನಂಗೆ ಕೋಪ ಬಂದಿಲ್ಲ ಅಂತ ಸುಳ್ಳು ಹೇಳಲ್ಲಮ್ಮ. ಕಲ್ಲು ಆರಿಸೋಕೇ ತಿಂಗಳು ಹಿಡೀತದೆ." ವಿಗ್ರಹದ ಮುರಿದ ಮೊಣಕೈಯನ್ನು ಸವರಿದರು. "ಬೇರೆ ಊರಲ್ಲೂ ಈ ಮಿಷಿನ್ ಇರ್ತಾವಲ್ಲ. ಅವರ ಕಲ್ಲು ಮುರಿಯೋಕ್ ಮುಂಚೆ ಸರಿ ಮಾಡಿ. ಮಂಜೀ, ಮೇಡಮ್ಮಿಗೆ ಊಟಕ್ಕಿಡು."

ಅವರು ಕ್ಷಮಿಸಿದೆ ಎನ್ನಲಿಲ್ಲ. ಮುದ್ದೆ ಮಾತ್ರ ಎರಡು ಹಾಕಿಸಿದರು.

ಮನೆಗೆ ಬಂದು ಮೂರು ಪುಟವನ್ನು ಅಳಿಸಿ ಹನ್ನೆರಡು ಸಾಲು ಬರೆದೆ. ಎರಡು ವಿಗ್ರಹ ಮುರಿದದ್ದು, ಕಾರಣ, ಪರಿಶೀಲಿಸಿದವಳು ನಾನೇ ಎಂಬುದು, ತಿದ್ದುಪಡಿ, ಇದನ್ನು ಕಂಡುಹಿಡಿದದ್ದು ನೀವು ಕಿತ್ತುಹಾಕಬೇಕೆಂದಿರುವ ಉಪಕರಣ ಎಂಬುದು. ಕಳಿಸುವ ಮೊದಲು ಪೂರ್ತಿ ಓದಿದೆ, ಮೂರು ಸಲ. ಲೋಕದ ಮುಂದೆ ತಪ್ಪು ಒಪ್ಪಿಕೊಳ್ಳುವುದು ಬಸ್ ನಿಲ್ದಾಣದಲ್ಲಿ ಕ್ಷಮೆ ಕೇಳಿದಷ್ಟು ಸಲೀಸಲ್ಲ. ಅದರ ಕೆಳಗೆ ಮಂಜುಳಾ ಊರಿನಿಂದಲೇ ತನ್ನದೇ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದಳು: "ನಾವು ಬಳಸುತ್ತೇವೆ, ಶಿವಾರಪಟ್ಟಣ."

ಅದಾದ ಮೇಲೆ ಒಂದೊಂದಾಗಿ ಕಾಗದ ಬರತೊಡಗಿದವು. ಒಬ್ಬರು ಹಡಗುಕಟ್ಟೆಯವರು, ಒಬ್ಬರು ಹವಾಮಾನ ಅಳೆಯುವವರು, ಇನ್ನೊಬ್ಬಳು ನೂಲಿನ ಗಿರಣಿಯವಳು. ಒಟ್ಟು ಹನ್ನೊಂದು ಮಂದಿ, "ನಾವೂ ಬಳಸುತ್ತೇವೆ." ಮಹಾಶಯ ಪ್ರಸ್ತಾವವನ್ನು ಹಿಂತೆಗೆದುಕೊಂಡ. ನಾನು ಆನಂದಬಾಷ್ಪ ಸುರಿಸಬೇಕಾದ ಗಳಿಗೆ. ಬದಲಿಗೆ ಹೊಸದಾಗಿ ಉರಿದೆದ್ದೆ. ಹನ್ನೆರಡು ವರ್ಷ ಇವರೆಲ್ಲ ಎಲ್ಲಿದ್ದರು? ಆ ಉರಿಯಲ್ಲೇ ಹನ್ನೊಂದು ಮಂದಿಗೂ ಬರೆದೆ: ಬಳಸುವವರು ಹೊರಲೂಬೇಕು, ಇನ್ನು ಮುಂದೆ ಓದುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳಿ, ನಾನೊಬ್ಬಳೇ ಓದಿದರೆ ಏನಾಗುತ್ತದೆಂದು ಈಗ ಗೊತ್ತಾಯಿತಲ್ಲ. ಮೂವರು ಒಪ್ಪಿದರು.

ಹೋದ ವಾರ ಯಾರೋ ಒಂದು ತೊಡಕು ಬರೆದಿದ್ದರು. ನಾನು ನೋಡುವಷ್ಟರಲ್ಲಿ ನೂಲಿನ ಗಿರಣಿಯವಳು ಉತ್ತರ ಕೊಟ್ಟಾಗಿತ್ತು, ತಪ್ಪು ಉತ್ತರ. ಬೆರಳು ತುರಿಸಿತು. ಅಷ್ಟರಲ್ಲಿ ಅತ್ತೆ, "ರಾಮ್ಮಾ, ಇಲ್ ಬಾ, ಹುಣಸೆಹಣ್ಣು ಬಿಡಿಸೋಕೆ ಒಬ್ಬಳೇ ಕೂತಿದೀನಿ" ಎಂದು ಕರೆದರು. ಹೋದೆ. ಬೀಜ, ನಾರು ತೆಗೆಯುತ್ತ ಊರ ಸುದ್ದಿಯನ್ನೆಲ್ಲ ಕೇಳಿ, ಕೈ ತೊಳೆದು ಬಂದು ನೋಡಿದರೆ ಹಡಗುಕಟ್ಟೆಯವರು ಅವಳ ತಪ್ಪನ್ನು ತಿದ್ದಿದ್ದರು, ಅವಳು ನಕ್ಕು ಒಪ್ಪಿದ್ದಳು, ಕೇಳಿದವರ ಯಂತ್ರ ಎದ್ದು ಕೂತಿತ್ತು. ನಾನಿಲ್ಲದೆಯೇ ಎಲ್ಲವೂ ನಡೆದುಹೋಗಿತ್ತು. ನಾನು ಇಷ್ಟು ವರ್ಷ ಬಯಸಿದ್ದು ಇದನ್ನೇ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದಕ್ಕೂ ಕೊಂಚ ಸಿಟ್ಟೇ ಬಂತು.